ಸುಮ ಮೊದಲು ನುಂಗಿದ ತುತ್ತು

"ಮದ್ದಿಕ್ಕವ್ಳೆ ಕಣ್ಲಾ... ನಿನ್ ಎಂಡ್ತಿ ನಂಗೆ ಮದ್ದಿಕ್ಕವ್ಳೆ!" ನುಂಗಲಾಗದ ಮುದ್ದೆಯ ತುತ್ತನ್ನು ತಟ್ಟೆಗೆ ಉಗುಳಿ ಬೆಟ್ಟಮ್ಮ ಮಗನತ್ತ ಕಿರುಚಿದಾಗ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸೊಸೆ ಸುಮ ಅದನ್ನು ಕೆಳಗಿಟ್ಟು ಹತ್ತಿರ ಬಂದಳು. ಅತ್ತೆಯ ನಾಲಿಗೆ ಒಣಗಿತ್ತು, ಮುಖ ಕೆಂಪೇರಿತ್ತು. ಇಲ್ಲದ ಇರುವೆಗಳನ್ನು ಸೆರಗಿನಿಂದ ಕೊಡವುತ್ತಿದ್ದಳು. ತಿನ್ನುವುದರಲ್ಲಿ ಗುಟ್ಟಾಗಿ ವಿಷ ಬೆರೆಸಿದಳೆಂಬ ಮಾತು ಸೊಸೆಯ ಮೇಲೆ ಒಮ್ಮೆ ಬಂತೆಂದರೆ ಮುಗಿಯಿತು! ಅವಳ ಕೈಯ ನೀರನ್ನೂ ಯಾರೂ ಕುಡಿಯುವುದಿಲ್ಲ.

ಉಚ್ಚೆ ತಡೆಯಲಾಗದೆ ಬಸ್ಸು ಹತ್ತುವುದನ್ನೇ ಬಿಟ್ಟಿದ್ದ ಅತ್ತೆಯನ್ನು ಕ್ಯಾತನಹಳ್ಳಿಯಿಂದ ಪಾಂಡವಪುರದ ಡಾಕ್ಟರ ಬಳಿ ಕರೆದೊಯ್ದವಳು ಸುಮಳೇ. ಅದಕ್ಕೆ ಕೊಟ್ಟ ಮಾತ್ರೆಯನ್ನು ದಿನವೂ ಕೈಯಾರೆ ನುಂಗಿಸಿದವಳೂ ಅವಳೇ. ಒಳ್ಳೆಯದು ಮಾಡಲು ಹೋದದ್ದೇ ಕುತ್ತಿಗೆಗೆ ಬಂದಿತ್ತು.

"ಅಣ್ಣ, ಮದ್ದು ಕೀಳ್ಸೋಕೆ ಕರ್ಕೊಂಡೋಗನ ನಡಿ," ಎಂದಳು ಕೆ.ಆರ್. ಪೇಟೆಯಿಂದ ತವರಿಗೆ ಬಂದಿದ್ದ ನಾದಿನಿ ಲಕ್ಷ್ಮಿದೇವಮ್ಮ.

ಸುಮ ಗಂಡ ರಂಗಸ್ವಾಮಿಯ ಕಾಲು ಹಿಡಿದಳು. "ನಿಮ್ ದಮ್ಮಯ್ಯ... ಮೊದ್ಲು ಡಾಕ್ಟ್ರ ತಾವ ಓಗನ. ಆಮ್ಯಾಕೆ ನನ್ನ ತವ್ರಿಗೆ ಕಳ್ಸಿದ್ರೂ ಓಯ್ತೀನಿ!"

ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ದಾರಿಯುದ್ದಕ್ಕೂ ಬೆಟ್ಟಮ್ಮ ಸುಮಳ ಕೈ ಬಿಡಲಿಲ್ಲ. "ಅವ್ವಾ... ನನ್ನ ಬುಟ್ಟೋಗ್ಬ್ಯಾಡ ಕಣವ್ವಾ!" ಎಂದು ಮಗುವಿನಂತೆ ಗೋಗರೆದಳು. ಮದುವೆಯಾಗಿ ಬಂದಂದಿನಿಂದ ಸೊಸೆಯನ್ನು ಹೆಸರು ಹಿಡಿದು ಕೂಡ ಕರೆಯದ ಬಾಯಿ ಅದು! ಸುಮಳಿಗೆ ಅಳು ತಡೆಯಲಾಗಲಿಲ್ಲ.

ಡಾಕ್ಟರು ಬೆಟ್ಟಮ್ಮನ ಕಣ್ಣು ನೋಡಿ, "ಮಾತ್ರೆ ಜೊತೆ ಬೇರೆ ಏನು ಕೊಟ್ರಿ?" ಎಂದು ಗದರಿದರು.

ಲಕ್ಷ್ಮಿದೇವಮ್ಮ ಸೊಂಟದಿಂದ ಪೊಟ್ಟಣ ತೆಗೆದಳು. "ನಾಟಿ ಪುಡಿ ಸಾಮಿ... ಬಿರ್‍ನೆ ವಾಸಿಯಾಗ್ಲಿ ಅಂತ ಜೇನುತುಪ್ಪದಲ್ಲಿ ನೆಕ್ಕುಸ್ದೆ. ಉಮ್ಮತ್ತಿ ಬೀಜ ಆಕವ್ರಂತೆ."

"ಉಮ್ಮತ್ತಿ ವಿಷ ಕಣಮ್ಮ! ಬಾಯಿ ಒಣಗಿಸುತ್ತೆ, ತಲೆ ಕೆಡಿಸುತ್ತೆ. ಈ ಮಾತ್ರೆಗೂ ಸ್ವಲ್ಪ ಅದೇ ಗುಣ ಇದೆ. ಎರಡೂ ಸೇರಿ ಹೀಗಾಗಿದೆ."

ಆಸ್ಪತ್ರೆಯಲ್ಲಿ ಬೆಟ್ಟಮ್ಮನ ಬುದ್ಧಿ ತಿಳಿಯಾಯಿತು. ತಿಳಿಯಾದೊಡನೆ ಸುಮಳ ಕೈ ಕೊಡವಿದಳು.

"ಅತ್ಗೆದೇನೂ ತಪ್ಪಿಲ್ಲ, ನನ್ ತಪ್ಪು ಕಣವ್ವ..." ಎಂದು ಲಕ್ಷ್ಮಿದೇವಮ್ಮ ಬಿಕ್ಕಿದಳು.

"ನೀನು ನನ್ ಒಟ್ಟೇಲುಟ್ದೋಳು. ಅವ್ಳನ್ನ ಉಳ್ಸೋಕೆ ಸುಳ್ಳೇಳ್ಬ್ಯಾಡ ಕಣೇ!"

ಡಾಕ್ಟರು ಹೇಳಿದರೂ ಅಷ್ಟೇ. "ಅವ್ವ ಇರೋಗಂಟ ಸೈರುಸ್ಕೊ," ಎಂದ ರಂಗಸ್ವಾಮಿ ಸುಮಳಿಗೆ, ನೆಲ ನೋಡುತ್ತಾ. ಪಾಪ, ಅವನಿಗೆ ಬರುವುದು ಅದೊಂದೇ ಮಾತು!

ಈಗ ದಿನವೂ ಅತ್ತೆಯ ಮುದ್ದೆಯಿಂದ ಒಂದು ತುತ್ತು ಮುರಿದು ಸುಮ ಮೊದಲು ನುಂಗಿ ತೋರಿಸಬೇಕು. ಅವಳ ಗಂಟಲನ್ನೇ ದಿಟ್ಟಿಸಿ ನೋಡಿ ಬೆಟ್ಟಮ್ಮ ತಟ್ಟೆ ಎಳೆದುಕೊಳ್ಳುತ್ತಾಳೆ. ಮಾತ್ರೆಯನ್ನಂತೂ ಮುಟ್ಟುವುದಿಲ್ಲ. ಒದ್ದೆಯಾದ ದುಪ್ಪಟಿಯನ್ನು ಬೆಳಗ್ಗೆ ಒಗೆಯುವವಳೂ ಸುಮಳೇ. ಹಿಂಡುವಾಗ ಒಮ್ಮೊಮ್ಮೆ ಕಾರಿನಲ್ಲಿ ಕೇಳಿದ ಆ ದನಿ ನೆನಪಾಗುತ್ತದೆ... ಅವ್ವಾ! ಅತ್ತೆಗೆ ಅದು ನೆನಪಿಲ್ಲ. ಸುಮ ಹೇಳಿಯೂ ಇಲ್ಲ. ಹೇಳಿದರೆ, ಅದನ್ನೂ ಮದ್ದಿಕ್ಕಿ ಅನ್ನಿಸಿದಳೆಂದೇ ಅನ್ನುತ್ತಾಳೆ.