ಗಾಳಿ ತುಂಬಿ ಹೋದ ಕಳ್ಳ

೧೯೯೩ರ ಮೇ ೧೪, ಶುಕ್ರವಾರ, ಬೆಳಿಗ್ಗೆ ೮.೨೦. ಮೊಡೆನಾ ಪಕ್ಕದ ಸಾನ್ ದೊನೀನೊ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎರ್ಮೆಸ್ ವಕ್ಕಾರಿ ಕಾಫಿಗೆ ಇನ್ನೂ ಬಾಯಿ ಇಟ್ಟಿರಲಿಲ್ಲ, ಯೋಲೆ ಬೊನಾಚೀನಿ ಬಾಗಿಲು ದಬ್ಬಿಕೊಂಡು ಒಳಗೆ ಬಂದರು. ವಯಸ್ಸು ಎಪ್ಪತ್ತೊಂದು, ಗಂಟಲು ಮಾತ್ರ ಇಪ್ಪತ್ತರದ್ದು.

“ಬರ್ಕೊಳ್ಳಪ್ಪ ಎರ್ಮೆಸ್. ನನ್ನ ಕಾರಿನ ಸ್ಟೆಪ್ನಿ ಕಳುವಾಗಿದೆ.”

“ಕಾರು?”

“ಕಾರಿದೆ. ಸ್ಟೆಪ್ನಿ ಇಲ್ಲ. ನಿನ್ನೆ ಬೆಳಿಗ್ಗೆ ಇತ್ತು.”

ಕಾರೆಂದರೆ ಅಂತಿಂಥದ್ದಲ್ಲ, ೧೯೫೭ರ ಕೆಂಪು ಎರಡು ಸೀಟಿನ ರೇಸ್ ಕಾರು. ಗಂಡ ಬದುಕಿರುವ ತನಕ ಆಕೆಗೆ ಸ್ಟಿಯರಿಂಗ್ ಮುಟ್ಟಲೂ ಬಿಟ್ಟವನಲ್ಲ. ಭಾನುವಾರದ ಗುಡ್ಡದ ರ‍್ಯಾಲಿಗೆ ಆಕೆ ಜೀವಮಾನದಲ್ಲಿ ಮೊದಲ ಸಲ ಹೆಸರು ಕೊಟ್ಟಿದ್ದರು. ಶನಿವಾರ ಸಂಜೆ ಐದರೊಳಗೆ ತಪಾಸಣೆ ಮುಗಿಯಬೇಕು. ಅದೇ ಅಳತೆಯ ಸ್ಟೆಪ್ನಿ ಇಲ್ಲದ ಕಾರನ್ನು ಹೊರಡಲು ಬಿಡುವುದಿಲ್ಲ.

ಎಫ್‌ಐಆರ್ ದಾಖಲಾಯಿತು. ೯.೪೦ಕ್ಕೆ ಕಾರ್ ಶೆಡ್ಡಿನಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿ ಹೂಕುಂಡದ ಕೆಳಗಿರುವುದು ಇಡೀ ಊರಿಗೇ ಗೊತ್ತು. ಸ್ಟೆಪ್ನಿ ಬಿಗಿಯುವ ಚರ್ಮದ ಪಟ್ಟಿಯನ್ನು ಕಳ್ಳ ನೀಟಾಗಿ ಸುತ್ತಿಟ್ಟಿದ್ದ.

ಯೋಲೆ ಚಕ್ರಗಳನ್ನು ಒತ್ತಿ ನೋಡಿ ಹುಬ್ಬೇರಿಸಿದರು. “ನಾಲ್ಕೂ ಮೆತ್ತಗಿದ್ವು. ಇವತ್ತು ಗಾಳಿ ಹಾಕಿಸ್ಬೇಕು ಅಂತಿದ್ದೆ.”

ಕಾನ್‌ಸ್ಟೇಬಲ್ ಪ್ರಿಮೊ ಮೀಟರ್ ಹಿಡಿದ. ನಾಲ್ಕಕ್ಕೂ ಸರಿಯಾದ ಗಾಳಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಕದಿಯೋಕೆ ಬಂದವನು ಗಾಳಿ ತುಂಬಿ ಹೋಗಿದಾನೆ, ಸಾರ್!”

“ಪುಣ್ಯಕ್ಕೆ ಗಾಜು ಒರೆಸಿ ಹೋಗ್ಲಿಲ್ಲವಲ್ಲ.”

“ಒರೆಸಿದಾನೆ,” ಎಂದರು ಯೋಲೆ.

ಪ್ರಿಮೊ ಗೋಡೆ ಕಡೆ ತಿರುಗಿ ನಕ್ಕ. ವಕ್ಕಾರಿಗೂ ನಗು ತಡೆಯಲಾಗಲಿಲ್ಲ, ಆದರೆ ಆಕೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಕಳ್ಳ ಸಿಕ್ಕದಿದ್ದರೂ ಸರಿ, ಸ್ಟೆಪ್ನಿಯಂತೂ ಸಿಗಲೇಬೇಕು. ಠಾಣೆಗೆ ಬಂದವರೇ ಫೋನ್ ಹಿಡಿದು ಕೂತರು. ರೆಜ್ಜೊ ಊರಿನ ಅಂಗಡಿಯವನ ಹತ್ತಿರವಿದ್ದ ಟಯರ್ ಅಗಲ ಜಾಸ್ತಿ. ಪಾರ್ಮಾದವನದು ಅಳತೆಗೆ ಸರಿ, ಆದರೆ ಮೂವತ್ತು ವರ್ಷದ ರಬ್ಬರು, ಬಿರುಕಿನಲ್ಲಿ ಉಗುರು ಹೋಗುತ್ತದಂತೆ.

ಶನಿವಾರ ೧೦.೧೫ಕ್ಕೆ ಬೊಲೋನ್ಯಾದ ಹಳೇ ಕಾರುಗಳ ಸಂಗ್ರಾಹಕನೊಬ್ಬ ಸಿಕ್ಕ.

“ಹೊಸದು ಒಂದೇ ಒಂದಿತ್ತು. ಬುಧವಾರ ಕೊಟ್ಬಿಟ್ಟೆ.”

ಬುಧವಾರ! ಅಂದರೆ ಕಳುವಿಗೆ ಒಂದು ದಿನ ಮೊದಲೇ.

“ಯಾರಿಗೆ?”

“ಯಾರೋ ಮುದುಕ. ಹೆಸರು ಹೇಳ್ಲಿಲ್ಲ. ದುಡ್ಡಿಗೆ ಕೊಡಲ್ಲ ಅಂದೆ, ಕೊನೆಗೆ ವಿನೆಗರ್ ಪೀಪಾಯಿ ತಂದಿಟ್ಟ. ಅವನು ಹುಟ್ಟಿದ ವರ್ಷ ಅವನ ತಾಯಿ ಅಟ್ಟದಲ್ಲಿ ಇಟ್ಟಿದ್ದಂತೆ.”

ವಕ್ಕಾರಿ ಫೋನ್ ಕೆಳಗಿಟ್ಟರು. ಮಗು ಹುಟ್ಟಿದಾಗ ಅಟ್ಟಕ್ಕೇರಿಸುವ ವಿನೆಗರ್ ಇಲ್ಲಿ ಹಳತಾದಷ್ಟೂ ಬಂಗಾರ. ಈ ಊರಲ್ಲಿ ಮನೆ ಮಾರಿದವರುಂಟು, ಅಟ್ಟದ ಪೀಪಾಯಿ ಕೈಬಿಟ್ಟವರಿಲ್ಲ. ಅಟ್ಟದಲ್ಲಿ ಪೀಪಾಯಿ, ಕೈಯಲ್ಲಿ ಗಾಳಿ ಪಂಪು, ಎರಡೂ ಇರುವವನು ಒಬ್ಬನೇ: ನಲವತ್ತು ವರ್ಷ ಟಯರ್ ಅಂಗಡಿ ಇಟ್ಟಿದ್ದ ನೆಲ್ಲೊ ಫೋರ್ನಿ. ‘ನಿನ್ನ ಸ್ಟೆಪ್ನಿ ಸತ್ತುಹೋಗಿದೆ’ ಎಂದಿದ್ದಕ್ಕೆ ಯೋಲೆ ಅವನನ್ನು ಮನೆಯಿಂದ ಅಟ್ಟಿದ್ದರು. ಇಬ್ಬರೂ ಮುಖ ಕೊಟ್ಟು ಮಾತಾಡಿ ಎರಡು ವರ್ಷವಾಗಿತ್ತು.

೧೨.೩೦ಕ್ಕೆ ನೆಲ್ಲೊನ ಶೆಡ್ಡು. ಮೊಣಕೈವರೆಗೂ ಟ್ಯೂಬಿಗೆ ಹಚ್ಚುವ ಬಿಳಿ ಪುಡಿ, ಮುಂದೆ ಕದ್ದ ರಿಮ್ಮು, ಅದರ ಮೇಲೆ ಹೊಸ ಟಯರು.

“ಹತ್ತು ನಿಮಿಷ ಕೊಡಿ ಸಾಹೇಬ್ರೆ, ಆಮೇಲೆ ಬೇಡಿ ಹಾಕಿ.”

“ಯಾವಾಗ ತೆಗೆದ್ರಿ?”

“ಗುರುವಾರ ಮಧ್ಯಾಹ್ನ. ಅವಳು ಉಂಡು ಮಲಗಿದ್ಲು. ಶುಕ್ರವಾರ ಬೆಳಗಾಗೋದ್ರೊಳಗೆ ವಾಪಸ್ ಇಡ್ಬೇಕು ಅಂತಿದ್ದೆ. ಹಾಳಾದ ರಿಮ್ಮು ತುಕ್ಕು ಹಿಡಿದಿತ್ತು.”

“ಯಾಕೆ ತೆಗೆದ್ರಿ?”

“ಆ ಹಳೇ ಟಯರ್ ನಾನೇ ಹಾಕಿದ್ದು, ೧೯೬೧ರಲ್ಲಿ. ಗುಡ್ಡದ ಇಳಿಜಾರಲ್ಲಿ ಅವಳು ಅದನ್ನ ಹಾಕ್ಕೊಂಡು ಹೋದ್ರೆ...”

“ಕೇಳಿ ತಗೋಬಹುದಿತ್ತು.”

“ಯೋಲೇನಾ? ನೀವೇ ಒಂದ್ಸಲ ಏನಾದ್ರೂ ಕೇಳಿ ನೋಡಿ!”

“ಗಾಳಿ ಯಾಕೆ ತುಂಬಿದ್ರಿ?”

ನೆಲ್ಲೊ ಇನ್ಸ್‌ಪೆಕ್ಟರನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. “ಮೆತ್ತಗಿತ್ತು.”

೧.೦೫ಕ್ಕೆ ಬಂಧನ. ಆರೋಪಿ ಸ್ಟೆಪ್ನಿಯನ್ನು ತೊಡೆಯ ಮೇಲಿಟ್ಟುಕೊಂಡೇ ಜೀಪಿನಲ್ಲಿ ಕೂತ. ಮಾಲು ಗುರುತಿಸಲು ಮೊದಲು ಯೋಲೆಯ ಮನೆಗೇ ಕರೆದೊಯ್ದರು.

“ಅಯ್ಯೋ ಕಳ್ಳ ಮುದುಕಾ!” ಎಂದು ಎಗರಿ ಬಂದ ಯೋಲೆ ಹೊಸ ಟಯರ್ ಕಂಡು ನಿಂತರು. ಅದರ ಮೇಲೆ ಕೈಯಾಡಿಸಿದರು. “ಏನು ಕೊಟ್ಟೆ ಇದಕ್ಕೆ?”

ನೆಲ್ಲೊ ರಿಮ್ಮಿನ ಮೇಲಿನ ಬಿಳಿ ಪುಡಿ ಒರೆಸತೊಡಗಿದ. “ಪೀಪಾಯಿ,” ಎಂದರು ವಕ್ಕಾರಿ.

“ನಿಮ್ಮಮ್ಮ ಇಟ್ಟಿದ್ದಾ?”

ಅವನು ಹೌದೆಂದು ತಲೆಯಾಡಿಸಿದ. ಯೋಲೆಗೆ ಕಣ್ಣು ತುಂಬಿ ಬಂತು. ಸೆರಗಿಲ್ಲದ ಊರು, ಏಪ್ರನ್ನಿನಲ್ಲೇ ಒರೆಸಿಕೊಂಡರು.

“ದೂರು ಸೋಮವಾರ ವಾಪಸ್ ತಗೋತೀನಿ ಎರ್ಮೆಸ್. ಅಲ್ಲೀತನಕ ಇವನು ನನ್ನ ಖೈದಿ. ನಾಳೆ ಪಕ್ಕದ ಸೀಟಲ್ಲಿ ಕೂತು ದಾರಿ ಹೇಳ್ಬೇಕು. ನನ್ನ ಡ್ರೈವಿಂಗ್ ಬಗ್ಗೆ ತುಟಿಪಿಟಕ್ ಅನ್ಬಾರ್ದು.”

“ಸಾಹೇಬ್ರೆ, ನನ್ನ ಜೈಲಿಗೇ ಹಾಕ್ಬಿಡಿ,” ಎಂದ ನೆಲ್ಲೊ. ಬಾಯಿ ಮಾತ್ರ ಕಿವಿಯವರೆಗೂ ಅರಳಿತ್ತು.

೪.೪೦ಕ್ಕೆ ಕಾರು ತಪಾಸಣೆಯಲ್ಲಿ ಪಾಸಾಯಿತು. ಸಂಜೆ ಠಾಣೆಯಲ್ಲಿ ವಕ್ಕಾರಿ ಕಡತ ಮುಗಿಸಲು ಕೂತರು. ‘ಅಪರಾಧದ ಉದ್ದೇಶ’ ಎಂಬ ಕಾಲಂ ಒಂದು ಖಾಲಿ ಉಳಿದಿತ್ತು. ಪೆನ್ನು ಕಚ್ಚಿಕೊಂಡು ತುಸು ಹೊತ್ತು ಯೋಚಿಸಿ ಬರೆದರು: ‘ಫಿರ್ಯಾದುದಾರರು ಕ್ಷೇಮವಾಗಿ ಮನೆಗೆ ಮರಳಲಿ ಎಂದು.’