ಮೊದಲು ಯಾರು ಮಾತಾಡಿಸಬೇಕು?

"ಅವ್ವಾ, ಅಲ್ಲಿ ನೋಡು! ಹಸಿರು ಸೀರಿ... ಅಕೀನಽ ಡಾಕ್ಟರ್ ಶೈಲಶ್ರೀ!"

ನಾಂಪಲ್ಲಿಯ ಎಕ್ಸಿಬಿಷನ್ ಗದ್ದಲದಲ್ಲೂ ವೈಭವನ ದನಿ ಶೈಲಶ್ರೀಗೆ ಕೇಳಿಸಿತು. ಅವನ ತಾಯಿ ಶಿವದೇವಿಗೆ ತನ್ನನ್ನು ತೋರಿಸಲೆಂದೇ ಗೊತ್ತು ಮಾಡಿದ ಭೇಟಿ ಇದು. ಬೇಗಂ ಬಜಾರಿನ ಮನೆಯಲ್ಲಿ ಸೀರೆ ಬದಲಿಸಿ ಬದಲಿಸಿ ಬಂದಿದ್ದಳು!

ನಗುತ್ತಾ ಕೈ ಎತ್ತಿದಳು... ಕೈ ಅಲ್ಲೇ ನಿಂತಿತು.

ವೈಭವನ ಹಿಂದೆ ಅವನ ಜೀಪಿನ ಡ್ರೈವರ್ ಮಲ್ಲು. ಪಕ್ಕದಲ್ಲಿ ಮಲ್ಲು ಮದುವೆಯಾಗಲಿರುವ ಗುರುದೇವಿ, ಅವಳ ಅಪ್ಪ, ಅವ್ವ. ಮಲ್ಲುವಿನ ಮುಖ ಬಿಳಿಚಿಕೊಂಡಿತ್ತು. 'ಬ್ಯಾಡ್ರೀ...' ಎನ್ನುತ್ತಿದ್ದವು ಅವನ ಕಣ್ಣು.

ಶೈಲಶ್ರೀ ಮುಖ ತಿರುಗಿಸಿ ಜನರೊಳಗೆ ಸೇರಿಹೋದಳು.

"ಇಕಿನೇನೋ ನಿನ್ನ ಹುಡುಗಿ?" ಶಿವದೇವಿಯ ದನಿ ಬೆನ್ನಿಗೆ ಬಡಿಯಿತು. "ನಮ್ಮನ್ನ ನೋಡಿ ಮಾರಿ ತಿರುವಿದಳಲ್ಲೋ!"

ಶೈಲಶ್ರೀ ಮನೋವೈದ್ಯೆಯಾಗಲು ಓದುತ್ತಿದ್ದಳು. ತರಬೇತಿಗೆ ಆದಿಲಾಬಾದ್ ಕಾಡಂಚಿನ ಸಣ್ಣ ಆಸ್ಪತ್ರೆಗೆ ಹಾಕಿದ್ದರು. ಫೋನ್ ಮಾಡಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕಾದ ಊರು. ಅಲ್ಲಿ ರಸ್ತೆ ಮಾಡಿಸುತ್ತಿದ್ದ ಇಂಜಿನಿಯರ್ ವೈಭವ. ಒಂದು ದಿನ ಹತ್ತದ ಸ್ಟೋವಿಗೆ ಅವಳು ಕನ್ನಡದಲ್ಲಿ ಬೈಯುವುದನ್ನು ಕೇಳಿ, "ಅಯ್ಯ, ನಮ್ಮವರಽ!" ಎಂದು ನಗುತ್ತಾ ಬಂದವನು, ಆಮೇಲೆ ದಿನಾ ಸಂಜೆ ಚಹಾಕ್ಕೆ ಬರತೊಡಗಿದ್ದ.

'ಹುಚ್ಚರ ಡಾಕ್ಟರ್' ಬಳಿ ಹೋದದ್ದು ಗೊತ್ತಾದರೆ ಸಂಬಂಧಗಳೇ ಮುರಿಯುವ ಊರದು. ಅವಳ ರೋಗಿಗಳು ಬರುತ್ತಿದ್ದದ್ದೇ ಹಿಂಬಾಗಿಲಿನಿಂದ. ಹಿರಿಯ ಡಾಕ್ಟರ್ ಮೊದಲ ದಿನವೇ ಹೇಳಿದ್ದರು: "ಹೊರಗೆ ರೋಗಿ ಸಿಕ್ಕರೆ ನೀನು ಗುರುತು ಹಿಡಿಯಬೇಡ. ಮೊದಲು ಅವರೇ ಮಾತಾಡಿಸಬೇಕು."

ಆ ಹಿಂಬಾಗಿಲಿನಿಂದ ಬರುತ್ತಿದ್ದವರಲ್ಲಿ ಮಲ್ಲುವೂ ಒಬ್ಬ.

ಕಾಡಂಚಿನ ಊರಿಗೆ ಮರಳಿದ ಸಂಜೆ ಬಂದ ವೈಭವ ಕೂಡಲೂ ಇಲ್ಲ.

"ನಮ್ಮವ್ವನ ಹಳೀ ಸೀರಿ ನೋಡಿ ನಾಚಿಕಿ ಬಂತೇನ್ರಿ?"

"ಇಲ್ರೀ! ಕಾರಣ ಬ್ಯಾರೆ ಐತಿ... ಹೇಳಾಕ ಬರಂಗಿಲ್ಲ."

"ನನಗೂ?"

"ನಿಮಗೂ..."

"ಅವ್ವ ಸಿಕಂದರಾಬಾದಿನಾಗ ಇನ್ನೊಂದು ಹುಡುಗಿ ನೋಡಾಕತ್ತಾಳ. ಏನ್ ಹೇಳ್ಲಿ ಅಕಿಗೆ?"

ಶೈಲಶ್ರೀ ಅವನ ಕಪ್ಪಿಗೆ ಚಹಾ ಸುರಿದಳು. 'ಒಂದೇ ಮಾತು ಸಾಕು, ಇವರು ನನ್ನವರಾಗ್ತಾರ... ಆದರ ಆ ಮಾತು ನನ್ನದಲ್ಲ!'

ಅವನು ಹೊರಟುಹೋದ. ಆಮೇಲೂ ದಿನಾ ಸಂಜೆ ಅಭ್ಯಾಸಬಲದಿಂದ ಎರಡು ಕಪ್ ಚಹಾ ಮಾಡುತ್ತಿದ್ದಳು. ಎರಡನ್ನೂ ಅವಳೇ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಮಲ್ಲು ಆಸ್ಪತ್ರೆಗೆ ಬಂದ. ಹಿಂಬಾಗಿಲಿನಿಂದಲ್ಲ, ಎಲ್ಲರೂ ನೋಡುತ್ತಿದ್ದಂತೆ ಮುಂಬಾಗಿಲಿನಿಂದ! ಜೊತೆಗೆ ಗುರುದೇವಿ.

"ನಮಸ್ಕಾರ್ರೀ ಡಾಕ್ಟರಮ್ಮಾರ! ಇಕಿಗೆ ಎಲ್ಲಾ ಹೇಳೀನ್ರಿ... ನನ್ನ ಗಾಬರಿ, ನಿಮ್ಮ ಗುಳಿಗಿ, ಎಲ್ಲಾ."

"ಗುಳಿಗಿ ನಾನಽ ನೆನಪು ಮಾಡಿ ಕೊಡ್ತೀನ್ರಿ," ಎಂದಳು ಗುರುದೇವಿ. "ಜೀಪಿನ್ಯಾಗ ಮಲಗಿ ಗೊರಕಿ ಹೊಡೀತಾನ, ಅದಕ್ಕೇನರ ಔಷಧ ಐತೇನ್ರಿ?"

ಶೈಲಶ್ರೀ ನಕ್ಕಳು. ಎಷ್ಟು ದಿನವಾಗಿತ್ತು ನಕ್ಕು!

"ಸಾಹೇಬ್ರಿಗೂ ಹೇಳೀನ್ರಿ," ಮಲ್ಲು ತಲೆ ತಗ್ಗಿಸಿದ. "ಅವತ್ತು ನೀವು ಮಾರಿ ತಿರುವಿದ್ದು ನನ್ನ ಸಲುವಾಗಿ ಅಂತ."

ಬಾಗಿಲಲ್ಲಿ ವೈಭವ ನಿಂತಿದ್ದ. ಮಲ್ಲು, ಗುರುದೇವಿ ಮೆಲ್ಲಗೆ ಹೊರಗೆ ಸರಿದರು.

"ಮಲ್ಲೂನ ಕೇಳೇ ಅವ್ವಗ ಹೇಳಿದೆ. 'ಇನ್ನೊಬ್ಬರ ಗುಟ್ಟು ಹೊಟ್ಟ್ಯಾಗ ಇಟ್ಕೊಳ್ಳೂ ಸೊಸಿನ ಬಿಟ್ಟು ಬಂದಿಯಲ್ಲೋ, ಖೋಡಿ!' ಅಂತ ಬೈದ್ಲು." ಅವನ ದನಿ ತಗ್ಗಿತು. "ಆದರೂ... ನನಗರ ಹೇಳಬಹುದಿತ್ತು."

"ಅವನ ಮಾತು ನಿಮಗ ಹೇಳಿದ್ರ, ನಾಳೆ ನಿಮ್ಮ ಮಾತು ಇನ್ನೊಬ್ಬರಿಗೆ ಹೇಳಂಗಿಲ್ಲ ಅಂತ ಹೆಂಗ ನಂಬ್ತಿದ್ರಿ?"

ಅವನು ಸಣ್ಣಗೆ ನಕ್ಕ.

"ತಪ್ಪಾತ್ರಿ... ಹೊರಗ ಸಿಕ್ಕರ ಡಾಕ್ಟರು ಮೊದಲು ಮಾತಾಡಂಗಿಲ್ಲಂತ, ಮಲ್ಲು ಹೇಳಿದ. ಹಂಗಾರ ನಾನಽ ಕೇಳಬೇಕೇನು?"

"ನೀವೇನು ನನ್ನ ಪೇಷಂಟ್ ಅಲ್ಲಲ್ಲ!" ಅವಳ ಕಣ್ಣು ತುಂಬಿ ಬಂತು. "ನಾನಽ ಮೊದಲು ಹೇಳ್ತೀನಿ. ಎರಡೂ ಕಪ್ ಒಬ್ಬಾಕೀನಽ ಕುಡಿದು ಸಾಕಾಗೈತ್ರಿ... ಒಂದು ನಿಮ್ಮದು. ಜನ್ಮಪೂರ್ತಿ."

ವೈಭವ ಅವಳ ಕೈ ಹಿಡಿದ.

"ಸಕ್ಕರಿ ಸ್ವಲ್ಪ ಜಾಸ್ತಿ ಹಾಕ್ತೀರೇನು?"

"ಮೊದಲು ಒಳಗ ಬರ್ರಿ..."