ಕ್ಲೀನ್ ಕೈಯವಳು

“ಎಲ್ಲಿ, ಇಬ್ರೂ ಕೈ ತೋರ್ಸಿ,” ಎಂದರು ಪ್ರೆಸ್ಸಿನ ಪಕ್ಕ ನಿಂತಿದ್ದ ಪ್ರಿಂಟ್ ಆಂಟಿ.

ಇಬ್ಬರು ಹುಡುಗಿಯರೂ ಮೇಜಿನ ಮೇಲೆ ಕೈ ಚಾಚಿದರು. ಒಂದು ಜೊತೆ ಕೈ ಕಡ್ಡಿಯದು. ಅವಳು ಎಷ್ಟು ಸಣಕಲಿ ಎಂದರೆ ಕ್ಲಾಸಿನಲ್ಲಿ ಯಾರೂ ಅವಳನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಇನ್ನೊಂದು ಜೊತೆ ದಪ್ಪ ದಪ್ಪ ಬೆರಳುಗಳ ಕೈ, ಪೆನ್ಸಿಲ್ ರಾಣಿಯದು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಚಿತ್ರ ಬಿಡಿಸುವುದರಲ್ಲಿ ಅವಳದೇ ರಾಜ್ಯ. ಅದಕ್ಕೇ ಆ ಬಿರುದು.

“ನಮ್ಮಲ್ಲೊಂದು ರೂಲ್ ಇದೆ,” ಎಂದರು ಆಂಟಿ. “ಪ್ರಿಂಟ್ ತೆಗಿಯೋಕೆ ಇಬ್ರು ಬೇಕು. ಒಬ್ರು ಇಂಕ್ ಕೈ, ಒಬ್ರು ಕ್ಲೀನ್ ಕೈ. ಇಂಕ್ ಕೈಯವರು ಪೇಪರ್ ಮುಟ್ಟೋ ಹಾಗಿಲ್ಲ. ಕ್ಲೀನ್ ಕೈಯವರು ಇಂಕ್ ಮುಟ್ಟೋ ಹಾಗಿಲ್ಲ. ಚಿತ್ರ ಯಾರದು?”

“ನಂದು,” ಎಂದಳು ಕಡ್ಡಿ.

“ಹಾಗಾದ್ರೆ ಇಂಕ್ ನಿಂಗೆ.”

“ಇವಳೇ ನನ್ನ ಕ್ಲೀನ್ ಕೈ!” ಕಡ್ಡಿ ಗೆಳತಿಯ ತೋಳು ಹಿಡಿದು ಎಳೆದಳು.

ರಾಣಿ ನಕ್ಕಳು. ತುಟಿ ಮಾತ್ರ ನಕ್ಕಿತು, ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಬೀಳದೆ ಇನ್ನೇನು? ಈ ಗ್ರಾಫಿಕ್ ಆರ್ಟ್ ಉತ್ಸವಕ್ಕೆ ಊರಿನ ಎಲ್ಲ ಶಾಲೆಗಳಿಂದಲೂ ಚಿತ್ರಗಳು ಬಂದಿದ್ದವು. ಒಂದೊಂದು ಶಾಲೆಯಿಂದ ಒಂದೇ ಒಂದು ಆಯ್ಕೆ. ಅದನ್ನು ಆಂಟಿ ರಬ್ಬರಿನಂಥ ದಪ್ಪ ಹಾಳೆಯ ಮೇಲೆ ಕೊರೆದು ಅಚ್ಚು ಮಾಡಿದ್ದರು. ಇವತ್ತು ಅದರಿಂದ ಐದು ಪ್ರಿಂಟ್. ಐದರಲ್ಲಿ ಚೆನ್ನಾಗಿ ಬಂದದ್ದು ಉತ್ಸವದ ಹಾಲ್‌ನ ದೊಡ್ಡ ಗೋಡೆಗೆ. ರಾಣಿ ಜಲಪಾತದ ಪಕ್ಕ ನಿಂತ ಹುಲಿಯನ್ನು ಬರೆದು ಕಳಿಸಿದ್ದಳು. ಪಟ್ಟೆ ಒಂದೂ ಆಚೀಚೆ ಆಗಿರಲಿಲ್ಲ. ಕಡ್ಡಿ ಬರೆದದ್ದು ಏನು? ಅವಳಮ್ಮನ ಹೊಲಿಗೆ ಮಿಷನ್. ಅದರ ಪೆಡಲ್ ಮೇಲೆ ಬೆಕ್ಕೊಂದು ಗೊರಕೆ ಹೊಡೆಯುತ್ತಿದೆ. ಕೊರಳಿಗೆ ಟೇಪು ಹಾಕಿಕೊಂಡ ಅಮ್ಮ ಅದು ಏಳಲಿ ಎಂದು ಕಾಯುತ್ತಿದ್ದಾಳೆ. ಮಿಷನ್ ಡೊಂಕು, ಅಮ್ಮನೂ ಡೊಂಕು. ಆಯ್ಕೆಯಾದದ್ದು ಅದು!

‘ಹುಲಿಯನ್ನು ಬಿಟ್ಟು ಬೆಕ್ಕು ಹಿಡಿದರು,’ ಎಂದುಕೊಂಡು ರಾಣಿ ವಾರವಿಡೀ ಮೂಗು ಮುರಿದಿದ್ದಳು.

ಕೆಲಸ ಶುರುವಾಯಿತು. ಕಡ್ಡಿ ಗಾಜಿನ ಹಲಗೆಯ ಮೇಲೆ ರೋಲರ್ ಉರುಳಿಸಿ ಕಪ್ಪು ಇಂಕನ್ನು ಅಚ್ಚಿಗೆ ಬಳಿದಳು. ರಾಣಿ ಬಿಳಿ ಕಾಗದವನ್ನು ಅದರ ಮೇಲೆ ಮೆಲ್ಲಗೆ ಹಾಸಿದಳು. ಆಂಟಿ ಪ್ರೆಸ್ಸಿನ ದೊಡ್ಡ ಚಕ್ರ ತಿರುಗಿಸಿದರು. ಆಮೇಲೆ ರಾಣಿ ಕಾಗದವನ್ನು ಎತ್ತಿ ಹಗ್ಗಕ್ಕೆ ಕ್ಲಿಪ್ ಹಾಕಬೇಕು.

ರಾಣಿ ಅಂತೆ ರಾಣಿ. ಕಾಗದ ಎತ್ತುವ ರಾಣಿ!

“ಆ ಹುಲಿ ನೀನು ಬರ್ದಿದ್ದಾ?” ಆಂಟಿ ಚಕ್ರ ತಿರುಗಿಸುತ್ತಲೇ ಕೇಳಿದರು. “ಕೈ ತುಂಬಾ ಚೆನ್ನಾಗಿದೆ ಕಣಮ್ಮ. ಹುಲಿ ನೋಡಿದೀಯಾ?”

“ನೋಡಿದೀನಿ. ಕ್ಯಾಲೆಂಡರ್‌ನಲ್ಲಿ.”

“ಓ,” ಎಂದರು ಆಂಟಿ. ಆ ‘ಓ’ ರಾಣಿಗೆ ಒಂದಿಷ್ಟೂ ಹಿಡಿಸಲಿಲ್ಲ.

ಮೊದಲ ನಾಲ್ಕು ಪ್ರಿಂಟ್‌ಗಳಲ್ಲಿ ಒಂದು ಮಸುಕು, ಇನ್ನೊಂದು ಓರೆ, ಉಳಿದೆರಡು ಪರವಾಗಿಲ್ಲ. ಐದನೆಯದು ಮಾತ್ರ ಬೆಕ್ಕಿನ ಮೀಸೆಯ ಒಂದೊಂದು ಕೂದಲೂ ಕಾಣುವಂತೆ ಬಂತು.

“ಇದೇ ಗೋಡೆಗೆ!” ಎಂದರು ಆಂಟಿ.

ಪಕ್ಕದ ಮೇಜಿನಲ್ಲಿ ಮಕ್ಕಳಿಗೆ ಕಾರ್ಟೂನ್ ಬರೆದುಕೊಡುತ್ತಿದ್ದ ಅಂಕಲ್ ಎದ್ದು ಬಂದು ಬಗ್ಗಿ ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನು ಧಿಮಾಕು ಈ ಬೆಕ್ಕಿಗೆ! ಮನೆ ಅದರದೇ, ಅಮ್ಮ ಬಾಡಿಗೆಗಿದಾರೆ ಅನ್ನೋ ಹಾಗಿದೆ. ಯಾರಮ್ಮ ಈ ಆರ್ಟಿಸ್ಟ್?”

ಕಡ್ಡಿಯ ಮುಖ ಅರಳಿತು. ಅವಳು ಆಂಟಿಯ ಜೊತೆ ರೋಲರ್ ಇಡಲು ಆ ಕಡೆ ತಿರುಗಿದಳು.

ಅಂಕಲ್ ತಮ್ಮ ಮೇಜಿಗೆ ಹೋದರು. ಹಗ್ಗದ ಬಳಿ ರಾಣಿ ಒಬ್ಬಳೇ ಉಳಿದಳು. ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇಂಕಿನ ಗಾಜು. ಅವಳು ಹೆಬ್ಬೆರಳನ್ನು ಅದಕ್ಕೆ ಒತ್ತಿದಳು. ಆಮೇಲೆ ಆ ಐದನೆಯ ಚಿತ್ರದ ಮೂಲೆಗೆ, ಅಮ್ಮನ ಕಾಲಿನ ಪಕ್ಕದ ಖಾಲಿ ಜಾಗಕ್ಕೆ ಒತ್ತಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಒತ್ತಿದ ಮರುಕ್ಷಣವೇ ಬೆಚ್ಚಿ ಹಿಂದೆ ಸರಿದಳು. ಕೈ ಜೇಬಿನೊಳಗೆ ಹೋಯಿತು.

“ಅಯ್ಯೋ, ಇದೇನಿದು?” ಎಂದರು ತಿರುಗಿ ನೋಡಿದ ಆಂಟಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಾಣಿಯ ಕೈ ಜೇಬಿನಲ್ಲಿ ಇನ್ನೂ ಆಳಕ್ಕೆ ಇಳಿಯಿತು.

ಕಡ್ಡಿ ಹತ್ತಿರ ಬಂದಳು. ಗುರುತನ್ನು ನೋಡಿದಳು. ರಾಣಿಯ ಮುಖ ನೋಡಿದಳು. ಆಮೇಲೆ ತನ್ನ ಎರಡು ಕಪ್ಪು ಕೈಗಳನ್ನು ಎತ್ತಿ ಹಿಡಿದಳು.

“ನಂದೇ ತಾಗಿರ್ಬೇಕು ಆಂಟಿ. ಸಾರಿ.”

“ಪೇಪರ್ ಮುಗೀತಲ್ಲ,” ಎಂದು ಆಂಟಿ ನಿಟ್ಟುಸಿರಿಟ್ಟರು. “ಇರ್ಲಿ, ಇದ್ದಿದ್ದರಲ್ಲಿ ಇದೇ ಒಳ್ಳೇದು. ಹೀಗೇ ಹಾಕೋಣ.” ಅವರು ಎಣ್ಣೆ ಹಾಕಿದ ಬಟ್ಟೆಯನ್ನು ಕಡ್ಡಿಗೆ ಕೊಟ್ಟರು. “ಈ ಇಂಕು ಸೋಪಿಗೆ ಬಗ್ಗಲ್ಲ. ಎಣ್ಣೇಲಿ ಒರೆಸ್ಕೋಬೇಕು.” ಇನ್ನೊಂದು ತುಂಡನ್ನು ಏನೂ ಹೇಳದೆ ರಾಣಿಯ ಮುಂದೆಯೂ ಇಟ್ಟರು.

ರಾಣಿ ಅದನ್ನು ಮುಟ್ಟಲಿಲ್ಲ.

ಅಪ್ಪನ ಸ್ಕೂಟರಿನಲ್ಲಿ ಮನೆಗೆ ಬರುವಾಗಲೂ ಒಂದು ಕೈ ಜೇಬಿನಲ್ಲೇ ಇತ್ತು. “ಎರಡೂ ಕೈಯಲ್ಲಿ ಹಿಡ್ಕೋಳೆ, ಬಿದ್ದುಗಿದ್ದೀಯ,” ಎಂದು ಅಪ್ಪ ಗದರಿದರು. ಮನೆಯಲ್ಲಿ ಅವಳು ಮೂರು ಸಲ ಸೋಪು ಹಾಕಿ ಉಜ್ಜಿದಳು. ಹೆಬ್ಬೆರಳು ಕಪ್ಪಗೇ ಇತ್ತು.

ಸಂಜೆ ಡ್ರಾಯಿಂಗ್ ಪುಸ್ತಕ ತೆಗೆದಳು. ಗೋಡೆಯ ಕ್ಯಾಲೆಂಡರ್‌ನಲ್ಲಿ ಈ ತಿಂಗಳ ನವಿಲು ಕಾದಿತ್ತು. ಅವಳು ಅದರ ಕಡೆ ನೋಡಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತಳು. ಉಗುರಿನ ಸುತ್ತ ಇಂಕು ಸಣ್ಣ ಸಣ್ಣ ಗೆರೆಗಳಲ್ಲಿ ಇಳಿದಿತ್ತು. ಎಂಥ ಗೆರೆಗಳು! ಅವಳು ಪೆನ್ಸಿಲ್ ಎತ್ತಿಕೊಂಡಳು.

ಪ್ರೆಸ್ಸಿನ ಚಕ್ರ ಬಂತು, ಹಗ್ಗ ಬಂತು, ರೋಲರ್ ಹಿಡಿದ ಕಪ್ಪು ಕೈಯ ಹುಡುಗಿ ಬಂದಳು. ಪಕ್ಕದಲ್ಲಿ ಕ್ಲೀನ್ ಕೈಯವಳು ಒಬ್ಬಳು. ಅವಳು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಆ ಕೈಯ ಹೆಬ್ಬೆರಳು ಕಪ್ಪಗಿತ್ತು. ನೋಡಿ ಬರೆಯಲು ಎದುರಿಗೆ ಯಾವ ಚಿತ್ರವೂ ಇರಲಿಲ್ಲ. ಊಟಕ್ಕೆ ಅಮ್ಮ ನಾಲ್ಕು ಸಲ ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ.

ಸೋಮವಾರ ಆ ಚಿತ್ರವನ್ನು ಬೆಂಚಿನ ಮೇಲೆ ಕಡ್ಡಿಯ ಮುಂದೆ ಇಟ್ಟಳು.

ಕಡ್ಡಿ ಬಹಳ ಹೊತ್ತು ನೋಡಿದಳು.

“ಗೊತ್ತಿತ್ತು ಕಣೆ,” ಎಂದಳು. “ಆ ಗುರುತು ನೋಡಿದ ತಕ್ಷಣ ಗೊತ್ತಾಯ್ತು. ನನ್ನ ಹೆಬ್ಬೆರಳು ಅಷ್ಟು ದಪ್ಪ ಇದ್ಯಾ?”

ರಾಣಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. “ಮತ್ತೆ ನಂದೇ ಅಂತ ಯಾಕೆ ಹೇಳ್ದೆ?”

“ನೀನು ಇನ್ನೇನು ಅಳೋ ಹಾಗಿದ್ದೆ.” ಕಡ್ಡಿ ತಲೆ ತಗ್ಗಿಸಿ ಚಿತ್ರದ ಅಂಚನ್ನು ಕೆರೆದಳು. “ಆಮೇಲೆ ಮನೆಗೆ ಹೋಗಿ ನಾನು ಅತ್ತೆ.”

“ತಪ್ಪಾಯ್ತು,” ಎಂದಳು ರಾಣಿ.

ಕಡ್ಡಿ ಚಿತ್ರದಲ್ಲಿ ರೋಲರ್ ಹಿಡಿದ ಹುಡುಗಿಯ ಮೂಗಿನ ಮೇಲೆ ಬೆರಳಿಟ್ಟು, “ನನ್ನ ಮೂಗು ಹೀಗಿಲ್ಲ. ಸರಿ ಮಾಡು,” ಎಂದು ಚಿತ್ರವನ್ನು ಈಚೆ ತಳ್ಳಿದಳು.

ರಾಣಿ ಪೆನ್ಸಿಲ್ ತೆಗೆದು ಕಡ್ಡಿಯ ಕಡೆ ತಿರುಗಿದಳು. ಐದು ವರ್ಷ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತಿದ್ದರು. ಕಡ್ಡಿಯ ಮೂಗಿನ ತುದಿ ಕೊಂಚ ಎಡಕ್ಕೆ ವಾಲಿದೆ, ಅದರ ಮೇಲೊಂದು ಪುಟ್ಟ ಮಚ್ಚೆಯಿದೆ ಎಂದು ರಾಣಿಗೆ ಇವತ್ತೇ ಗೊತ್ತಾಯಿತು.

“ಅಲ್ಲಾಡ್ಬೇಡ,” ಎಂದಳು.